ಪಿಕಪ್‌ನ ಟೆಂಪರೇಚರ್ ಮುಳ್ಳು ಏರಿಳಿಯುತ್ತಿದ್ದರೆ: ದೋಷ ನೀರಿನಲ್ಲೋ, ವೈರಿನಲ್ಲೋ?

ತೊಗರಿ ಚೀಲ ಹೇರಿಕೊಂಡ ಪಿಕಪ್ ಆಳಂದದಿಂದ ಕಲಬುರಗಿ ಎಪಿಎಂಸಿಗೆ ಬರುತ್ತಿದೆ. ದಾರಿಯಲ್ಲಿ ಟೆಂಪರೇಚರ್ ಮೀಟರಿನ ಮುಳ್ಳು ಅರ್ಧ ದಾಟಿ ಏರುತ್ತದೆ, ತುಸು ಹೊತ್ತಿಗೆ ತಾನೇ ಇಳಿಯುತ್ತದೆ, ಮತ್ತೆ ಏರುತ್ತದೆ. ಡ್ರೈವರ್ ಗ್ಯಾರೇಜಿಗೆ ಹೋಗಿ "ಕಾಟಾ ಕುಣಿಲಾಕತ್ತದ" ಎಂದರೆ ಸಿಗುವ ಉತ್ತರ ಬಹುತೇಕ ಎರಡೇ. "ಸೆನ್ಸರ್ ಹೋಗ್ಯಾದ, ಹೊಸಾದು ಹಾಕು" ಅಥವಾ "ಥರ್ಮೋಸ್ಟ್ಯಾಟ್ ತೆಗೆದು ಒಗಿ". (ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಕಾದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್.) ಎರಡೂ ಪರೀಕ್ಷೆ ಮಾಡದೆ ಹೇಳಿದ ಮಾತು. ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ದುಡ್ಡು ಖರ್ಚಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ, ಕೊನೆಗೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಸುಟ್ಟು ಎಂಜಿನ್ ಬಿಚ್ಚುವ ಹೊತ್ತು ಬರುತ್ತದೆ.

ಒಂದು ನಟ್ಟನ್ನೂ ಸಡಿಲಿಸುವ ಮೊದಲೇ ಮುಳ್ಳು ಅರ್ಧ ಉತ್ತರ ಹೇಳಿರುತ್ತದೆ. ಅದು ಎಷ್ಟು ಮೇಲೆ ಹೋಯಿತು ಎನ್ನುವುದಕ್ಕಿಂತ ಎಷ್ಟು ಬೇಗ ಹೋಯಿತು ಎಂದು ಗಮನಿಸಬೇಕು.

ಸೆಕೆಂಡಿನ ಏರಿಳಿತ, ನಿಮಿಷದ ಏರಿಳಿತ

ಎಂಜಿನ್ನಿನಲ್ಲಿ 8 ಲೀಟರ್ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರಿನ ಮಿಶ್ರಣ, ಸುತ್ತುತ್ತಿದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರು 1 ಡಿಗ್ರಿ ಕಾಯಲು 4.2 ಕಿಲೋಜೂಲ್ ಶಾಖ ಬೇಕು. 8 ಲೀಟರ್ 20 ಡಿಗ್ರಿ ಕಾಯಲು ಸುಮಾರು 670 ಕಿಲೋಜೂಲ್. ನೀರಿನ ಸುತ್ತ ಇರುವ ಬ್ಲಾಕ್ ಮತ್ತು ಹೆಡ್ಡಿನ ಲೋಹವೂ ಅದರ ಜೊತೆಗೇ ಕಾಯಬೇಕು. ಆ ತೂಕ 150 ಕಿಲೋ ಎಂದು ಹಿಡಿದರೆ ಇನ್ನೂ 1,400 ಕಿಲೋಜೂಲಿನಷ್ಟು ಸೇರುತ್ತದೆ. ಲೋಡ್ ಎಳೆಯುತ್ತಿರುವ ಎಂಜಿನ್ ಸೆಕೆಂಡಿಗೆ 30 ಕಿಲೋಜೂಲ್ ಶಾಖವನ್ನು ಕೂಲಂಟಿಗೆ ಬಿಡುತ್ತಿದೆ, ರೇಡಿಯೇಟರ್ ಸಂಪೂರ್ಣ ಕೈಕೊಟ್ಟಿದೆ ಎಂದೇ ಲೆಕ್ಕ ಹಾಕಿದರೂ 20 ಡಿಗ್ರಿ ಏರಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ.

ಹೆಡ್‌ಲೈಟ್ ಹಾಕಿದ ಕೂಡಲೇ, ಗಾಲಿ ಗುಂಡಿಗೆ ಇಳಿದ ಕೂಡಲೇ, ಇಂಡಿಕೇಟರ್ ಮಿಣುಕಿದ ತಾಳಕ್ಕೆ ಸರಿಯಾಗಿ ಮುಳ್ಳು ಹಾರುತ್ತಿದ್ದರೆ ಅದು ಶಾಖದ ಏರಿಳಿತ ಅಲ್ಲವೇ ಅಲ್ಲ, ಕರೆಂಟಿನದು. ಒಂದೆರಡು ನಿಮಿಷ ತೆಗೆದುಕೊಂಡು ನಿಧಾನವಾಗಿ ಏರಿ ಅಷ್ಟೇ ನಿಧಾನವಾಗಿ ಇಳಿದರೆ ನೀರು ನಿಜಕ್ಕೂ ಕಾಯುತ್ತಿದೆ.

ಈ ನಿಯಮಕ್ಕೆ ಎರಡು ಅಪವಾದಗಳಿವೆ. ಸಿಕ್ಕಿಕೊಂಡಿದ್ದ ಥರ್ಮೋಸ್ಟ್ಯಾಟ್ ತಟ್ಟನೆ ತೆರೆದರೆ ರೇಡಿಯೇಟರಿನ ತಣ್ಣೀರು ಒಮ್ಮೆಲೇ ನುಗ್ಗಿ ಸೆನ್ಸರನ್ನು ಹಾಯುತ್ತದೆ, ಐದಾರು ಸೆಕೆಂಡಿನಲ್ಲೇ ಮುಳ್ಳು ಇಳಿಯುತ್ತದೆ. ಎರಡನೆಯದು ಗಾಳಿ. ಕೂಲಂಟ್ ಕಡಿಮೆಯಾಗಿ ಸೆನ್ಸರಿನ ತುದಿ ಗಾಳಿಯಲ್ಲೋ ಹಬೆಯಲ್ಲೋ ನಿಂತರೆ ಮುಳ್ಳು ಗೊತ್ತುಗುರಿಯಿಲ್ಲದೆ ಓಡಾಡುತ್ತದೆ. ಇದರಲ್ಲೇ ದೊಡ್ಡ ಅಪಾಯ ಇದೆ: ನೀರೆಲ್ಲ ಸೋರಿಹೋದ ಎಂಜಿನ್ನಿನಲ್ಲಿ ಸೆನ್ಸರಿಗೆ ಶಾಖ ಮುಟ್ಟಿಸಲು ನೀರೇ ಇರುವುದಿಲ್ಲ, ಆದ್ದರಿಂದ ಮುಳ್ಳು ಕೆಂಪಿಗೆ ಹೋಗುವ ಬದಲು ತಣ್ಣಗಿನ ಕಡೆಗೆ ಬೀಳಬಹುದು. ಏರಿದ ಮುಳ್ಳು ಧಡಕ್ಕನೆ ಕೆಳಗೆ ಬಿದ್ದರೆ "ತಣ್ಣಗಾಯ್ತು" ಎಂದು ಓಡಿಸುತ್ತ ಹೋಗಬೇಡಿ. ಗಾಡಿ ನಿಲ್ಲಿಸಿ ಕೆಳಗೆ ನೋಡಿ.

ಈಚಿನ ಗಾಡಿಗಳ ಬಗ್ಗೆ ಇನ್ನೊಂದು ವಿಷಯ. ಅನೇಕ ಮಾದರಿಗಳಲ್ಲಿ ಕೂಲಂಟ್ 80 ಡಿಗ್ರಿ ಇರಲಿ, 100ರ ಹತ್ತಿರ ಇರಲಿ, ಮುಳ್ಳು ಮಧ್ಯದಲ್ಲೇ ನಿಲ್ಲುವ ಹಾಗೆ ಕಂಪನಿಯವರೇ ಮೀಟರನ್ನು ಹೊಂದಿಸಿರುತ್ತಾರೆ. ಅಂಥ ಗಾಡಿಯಲ್ಲಿ ಮುಳ್ಳು ಒಂದು ಗೆರೆ ಸರಿಯಿತು ಎಂದರೂ ಒಳಗೆ ಸಾಕಷ್ಟು ಆಗಿಹೋಗಿದೆ ಎಂದೇ ಅರ್ಥ.

ವೈರಿನ ಕಡೆ ಅನುಮಾನ ಇದ್ದರೆ

ಮೊದಲು ಪಕ್ಕದ ಡೀಸೆಲ್ ಮೀಟರ್ ನೋಡಿ. ಎರಡೂ ಮುಳ್ಳು ಒಟ್ಟಿಗೆ ಏರಿಳಿದರೆ ಸೆನ್ಸರಿನ ಮೇಲೆ ತಪ್ಪು ಹೊರಿಸಬೇಡಿ. ಮೀಟರ್ ಬೋರ್ಡಿಗೆ ಬರುವ ಕರೆಂಟು ಅಥವಾ ಅರ್ಥಿನಲ್ಲಿ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿಯಲ್ಲಿ) ದೋಷ ಇದೆ. ಹಳೆಯ ಗಾಡಿಗಳಲ್ಲಿ ಮೀಟರುಗಳಿಗೆ ಒಂದೇ ಸಮ ವೋಲ್ಟೇಜ್ ಕೊಡುವ ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೂ ಹೀಗೇ ಆಗುತ್ತದೆ.

ಟೆಂಪರೇಚರ್ ಮುಳ್ಳೊಂದೇ ಹಾರುತ್ತಿದ್ದರೆ ಅರ್ಥಿನಿಂದ ಶುರು ಮಾಡಿ. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕೇಬಲ್ ಇರುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಮೆತ್ತಿಕೊಂಡು ಅದರ ಬೋಲ್ಟು ತುಕ್ಕು ಹಿಡಿದಿರುತ್ತದೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಚೊಕ್ಕಟ ಲೋಹಕ್ಕೆ ಹಿಡಿಯಿರಿ. ಎಂಜಿನ್ ಚಾಲೂ ಇರಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ. 0.1 ವೋಲ್ಟಿನ ಒಳಗೆ ತೋರಿಸಿದರೆ ಅರ್ಥ್ ಗಟ್ಟಿ ಇದೆ. 0.5 ದಾಟಿದರೆ ಪಟ್ಟಿ ಬಿಚ್ಚಿ, ಎರಡೂ ತುದಿಯನ್ನು ಪಾಲಿಶ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಖರ್ಚು ಬರೀ ಅರ್ಧ ಗಂಟೆಯ ಕೆಲಸ. ಸೆನ್ಸರ್ ಕೊಳ್ಳುವ ಮೊದಲು ಇದನ್ನು ಮಾಡದಿರುವುದಕ್ಕೆ ಕಾರಣವೇ ಇಲ್ಲ.

ಅದಾದ ಮೇಲೆ ಸೆನ್ಸರಿನ ಕನೆಕ್ಟರ್. ಬಿಚ್ಚಿ ಒಳಗೆ ನೋಡಿ: ಪಿನ್ನಿನ ಮೇಲೆ ಹಸಿರು ಕಿಲುಬು, ಸಡಿಲವಾದ ಕ್ಲಿಪ್, ಕೂಲಂಟಿನ ಪಸೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಎಂಜಿನ್ ಚಾಲೂ ಇಟ್ಟು ವೈರನ್ನು ಗೇಣು ಗೇಣಿಗೆ ಅಲುಗಾಡಿಸುತ್ತ ಹೋಗಿ, ಇನ್ನೊಬ್ಬರು ಮುಳ್ಳು ನೋಡುತ್ತಿರಲಿ. ಕೈ ಬೆಲ್ಟು, ಫ್ಯಾನಿನ ಹತ್ತಿರ ಹೋಗದಿರಲಿ. ರಾಶಿಯ ಕಾಲದಲ್ಲಿ ಹೊಲದಲ್ಲಿ, ಕಣದಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಇಲಿ ಸೇರುವುದು ಹೊಸದಲ್ಲ. ಹೊರಗಿನ ಪೈಪು ಚೆನ್ನಾಗಿಯೇ ಕಂಡು ಒಳಗಿನ ವೈರು ಅರ್ಧ ಕಡಿದಿರುತ್ತದೆ.

ಸೆನ್ಸರಿನ ಪರೀಕ್ಷೆ ಅದರಲ್ಲಿ ಎಷ್ಟು ವೈರಿದೆ ಎನ್ನುವುದರ ಮೇಲೆ ನಿಂತಿದೆ. ಹಳೆಯ ಒಂದೇ ವೈರಿನ ಸೆನ್ಸರ್ ತನ್ನ ಮೈಯ ಚೂಡಿಯಿಂದಲೇ (ತಿರುಪಿನ ಗೆರೆಗಳಿಂದಲೇ) ಅರ್ಥ್ ಪಡೆಯುತ್ತದೆ. ಇಗ್ನಿಷನ್ ಆನ್ ಮಾಡಿ ಆ ವೈರು ಕಿತ್ತರೆ ಮುಳ್ಳು ಪೂರ್ತಿ ಕೆಳಗೆ ಹೋಗಬೇಕು, ವೈರಿನ ತುದಿಯನ್ನು ಒಂದೆರಡು ಸೆಕೆಂಡು ಬ್ಲಾಕಿಗೆ ಮುಟ್ಟಿಸಿದರೆ ಮೇಲೇರಬೇಕು. ಎರಡೂ ಆದರೆ ಮೀಟರ್ ಮತ್ತು ವೈರು ಸರಿ ಇವೆ, ಉಳಿದದ್ದು ಸೆನ್ಸರ್ ಅಥವಾ ಅದರ ಅರ್ಥ್. ಸೋರಬಾರದೆಂದು ಈ ಸೆನ್ಸರಿನ ಚೂಡಿಗೆ ಬಿಳಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತುವವರಿದ್ದಾರೆ. ಟೇಪು ಅರ್ಥಿಗೇ ಅಡ್ಡ ಬಂದು ಹೊಚ್ಚ ಹೊಸ ಸೆನ್ಸರೂ ತಪ್ಪು ತೋರಿಸುತ್ತದೆ.

ಎರಡು ವೈರಿನ ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಸೇರಿದ್ದು. ಅದರ ವೈರನ್ನು ಬ್ಲಾಕಿಗೆ ಮುಟ್ಟಿಸಬೇಡಿ. ಕನೆಕ್ಟರ್ ಬಿಚ್ಚಿ ಓಮ್ ಅಳೆಯಿರಿ. ಕಾದಷ್ಟೂ ಓಮ್ ಇಳಿಯಬೇಕು. ಈ ಬಗೆಯವು 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸು ತೋರಿಸುವುದು ಸಾಮಾನ್ಯ. ನಿಮ್ಮ ಗಾಡಿಯ ಖಚಿತ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಂಕಿ ನಯವಾಗಿ ಇಳಿಯುತ್ತ ಬರಬೇಕು, ನಡುವೆ ಜಿಗಿದರೆ ಸೆನ್ಸರ್ ಹೋಗಿದೆ. ಇನ್ನೂ ಸುಲಭದ ದಾರಿ ಓಬಿಡಿ ಸ್ಕ್ಯಾನರ್. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ಕೂಲಂಟ್ ಡಿಗ್ರಿ ನೋಡಬಹುದು. ಮುಳ್ಳು ಹಾರುತ್ತಿದ್ದು ಸ್ಕ್ಯಾನರಿನ ಅಂಕಿ 88ರಲ್ಲೇ ಕದಲದೆ ನಿಂತಿದ್ದರೆ ದೋಷ ಮೀಟರ್ ಬೋರ್ಡಿನದು. ಅಂಕಿಯೂ ಒಂದೇ ಸೆಕೆಂಡಿನಲ್ಲಿ 90ರಿಂದ 40ಕ್ಕೆ ಬಿದ್ದರೆ ಸೆನ್ಸರು ಅಥವಾ ಅದರ ವೈರಿನದು.

ನೀರು ನಿಜವಾಗಿ ಕಾಯುತ್ತಿದ್ದರೆ

ಇಲ್ಲಿಂದ ಮುಂದೆ ಕ್ಯಾಪ್, ಪೈಪ್ ಬಿಚ್ಚುವ ಕೆಲಸವೆಲ್ಲ ತಣ್ಣಗಿನ ಎಂಜಿನ್ನಿನ ಮೇಲೆ ಮಾತ್ರ. 0.9 ಬಾರ್ ಕ್ಯಾಪ್ ಹಾಕಿದ ರೇಡಿಯೇಟರಿನಲ್ಲಿ ಸಾದಾ ನೀರೂ 118 ಡಿಗ್ರಿಯ ತನಕ ಕುದಿಯದೆ ಇರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಇಲ್ಲವಾಗಿ ಅಷ್ಟೂ ನೀರು ಒಮ್ಮೆಗೇ ಕುದ್ದು ಮುಖಕ್ಕೆ ಹಾರುತ್ತದೆ. ಎಂಜಿನ್ ನಿಲ್ಲಿಸಿ ಕನಿಷ್ಠ ಒಂದು ತಾಸು ಬಿಡಿ. ಮೇಲಿನ ಹೋಸ್ ಪೈಪ್ ಅಮುಕಿದರೆ ಮೆತ್ತಗೆ ಅಮುಕಬೇಕು, ಆಗಷ್ಟೇ ಕ್ಯಾಪಿಗೆ ಕೈ ಹಾಕಿ.

ಮುಳ್ಳು ಯಾವಾಗ ಏರುತ್ತದೆ? ಸೂಪರ್ ಮಾರ್ಕೆಟ್ ಗದ್ದಲದಲ್ಲಿ, ಜಗತ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಊರು ದಾಟಿ ಓಡತೊಡಗಿದಾಗ ಇಳಿದರೆ ಫ್ಯಾನ್ ನೋಡಿ. ಓಡುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತದೆ, ನಿಂತಾಗ ಫ್ಯಾನೇ ಗತಿ. ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನಿನ ನಡುವಿನ ಗುಂಬದೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಬಿಸಿ ಎಂಜಿನ್ ನಿಲ್ಲಿಸಿ, ಕೀಲಿ ಕೈ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ಅರ್ಧ ಸುತ್ತು ಬಂದು ನಿಲ್ಲಬೇಕು. ಗಿರಗಿಟ್ಲೆಯ ಹಾಗೆ ಮೂರ್ನಾಲ್ಕು ಸುತ್ತು ಹೊಡೆದರೆ, ಗುಂಬದ ಸುತ್ತ ಎಣ್ಣೆ ಜಿಡ್ಡಿದ್ದರೆ ಎಣ್ಣೆ ಸೋರಿದೆ, ಬದಲಿಸಬೇಕು. ಎಲೆಕ್ಟ್ರಿಕ್ ಫ್ಯಾನ್ ಆದರೆ ಫ್ಯೂಸ್, ರಿಲೇ, ಮೋಟಾರ್ ಈ ಕ್ರಮದಲ್ಲಿ ನೋಡಿ. ಅದಕ್ಕೆ ಮಾತ್ರ ತಣ್ಣಗಿನ ಎಂಜಿನ್ನಿನಲ್ಲೂ ಕೈ ಹಚ್ಚುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಕೆಲವು ಗಾಡಿಗಳಲ್ಲಿ ಇಗ್ನಿಷನ್ ಆಫ್ ಇದ್ದರೂ ತಾನೇ ತಿರುಗುತ್ತದೆ.

ಊರೊಳಗೆ ಸುಮ್ಮನಿದ್ದು ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಹತ್ತುವಾಗ ಏರಿದರೆ ಫ್ಯಾನಿನ ತಪ್ಪಲ್ಲ. ನೀರಿನ ಹರಿವೋ ರೇಡಿಯೇಟರೋ ಸಾಲುತ್ತಿಲ್ಲ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ, 10 ಮಿಲಿಮೀಟರಿನ ಆಸುಪಾಸು ಬಾಗಬೇಕು. ಅದಕ್ಕಿಂತ ಹೆಚ್ಚು ಬಾಗಿದರೆ ಜಾರುತ್ತಿದೆ. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಲ್ಲಿ ಕೂಲಂಟಿನ ಕಲೆ ಇದ್ದರೆ ಸೀಲ್ ಹೋಗಿದೆ. ಪುಲ್ಲಿ ಹಿಡಿದು ಅಲುಗಾಡಿಸಿದಾಗ ಲಟಪಟ ಎಂದರೆ ಬೇರಿಂಗ್ ಹೋಗಿದೆ. ಯಾರೂ ನೋಡದ ಜಾಗ ಕೆಳಗಿನ ಹೋಸ್ ಪೈಪ್. ಪಂಪು ಆ ಪೈಪಿನಿಂದ ನೀರು ಹೀರುತ್ತದೆ. ರಬ್ಬರ್ ಮೆತ್ತಗಾಗಿದ್ದರೆ, ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಹೋಗಿದ್ದರೆ ಹೆಚ್ಚು ಆರ್‌ಪಿಎಂನಲ್ಲಿ ಪೈಪು ಒಳಕ್ಕೆ ಅಂಟಿಕೊಂಡು ನೀರಿನ ದಾರಿಯೇ ಮುಚ್ಚುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಅರಳುತ್ತದೆ, ಗ್ಯಾರೇಜಿನಲ್ಲಿ ನಿಂತ ಗಾಡಿಯಲ್ಲಿ ದೋಷ ಕಾಣುವುದೇ ಇಲ್ಲ. ಒಬ್ಬರು 2,500 ಆರ್‌ಪಿಎಂಗೆ ಹಿಡಿದು ನಿಲ್ಲಿಸಲಿ, ಇನ್ನೊಬ್ಬರು ಆ ಪೈಪ್ ನೋಡಲಿ.

ಬಿಸಿಲು, ಹೊಟ್ಟು, ಸವಳು ನೀರು

ಜನವರಿಯಲ್ಲಿ ಸರಿಯಿದ್ದ ಗಾಡಿ ಏಪ್ರಿಲ್‌ನಲ್ಲಿ ಯಾಕೆ ಕಾಯುತ್ತದೆ ಎಂದು ಕೇಳುವವರು ಬಹಳ. ಕೂಲಂಟ್ ಮತ್ತು ಹೊರಗಿನ ಗಾಳಿಯ ನಡುವಿನ ಅಂತರದ ಮೇಲೆ ರೇಡಿಯೇಟರ್ ಬಿಡುವ ಶಾಖ ನಿಂತಿದೆ. ಕೂಲಂಟ್ 90, ಗಾಳಿ 25 ಡಿಗ್ರಿ ಇದ್ದಾಗ ಅಂತರ 65. ಕಲಬುರಗಿಯ ಮೇ ತಿಂಗಳ 44 ಡಿಗ್ರಿಯಲ್ಲಿ ಅಂತರ 46ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರ್, ಅದೇ ಫ್ಯಾನ್, ಆದರೆ ಶಾಖ ಬಿಡುವ ಶಕ್ತಿ ಸುಮಾರು ಶೇ. 30 ಕಡಿಮೆ. ಕಾಲು ಭಾಗ ಕಟ್ಟಿಕೊಂಡ ರೇಡಿಯೇಟರ್ ಚಳಿಗಾಲದಲ್ಲಿ ಮರೆಮಾಚಿದ್ದನ್ನು ಬೇಸಿಗೆ ಹೊರಹಾಕುತ್ತದೆ.

ಹೊರಗಿನಿಂದ ಕಟ್ಟುವುದು ತೊಗರಿ ಹೊಟ್ಟು, ಶಹಾಪುರ ಸುರಪುರದ ಕಡೆ ಭತ್ತದ ಹುಲ್ಲಿನ ಪುಡಿ, ಸೇಡಂ ವಾಡಿ ರಸ್ತೆಯ ಸಿಮೆಂಟು ಧೂಳು. ಎಸಿ ಇರುವ ಗಾಡಿಯಲ್ಲಿ ಮುಂದೆ ಕಂಡೆನ್ಸರ್, ಹಿಂದೆ ರೇಡಿಯೇಟರ್. ಕಸವೆಲ್ಲ ಎರಡರ ಸಂದಿಯಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ, ಮುಂದಿನಿಂದ ನೋಡಿದರೆ ಚೊಕ್ಕಟವಾಗಿಯೇ ಕಾಣುತ್ತದೆ. ಎಂಜಿನ್ ಕಡೆಯಿಂದ ಹೊರಮುಖವಾಗಿ ಸಾದಾ ಪೈಪಿನ ನೀರು ಬಿಡಿ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಒಳಗಿನಿಂದ ಕಟ್ಟುವುದು ನೀರು. ಈ ಸೀಮೆಯ ಹಲವು ಕಡೆ ನೆಲದ ಕೆಳಗೆ ಸುಣ್ಣದ ಕಲ್ಲಿದೆ. ನೆಲಕ್ಕೆ ಹಾಸುವ ಶಹಾಬಾದ್ ಪರಸಿಯೂ ಅದೇ, ಇಲ್ಲಿ ಇಷ್ಟು ಸಿಮೆಂಟ್ ಕಾರ್ಖಾನೆಗಳು ಬರಲು ಕಾರಣವೂ ಅದೇ. ಆ ಕಲ್ಲಿನ ನಡುವಿಂದ ಬರುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ, ಕಾಯಿಸಿದರೆ ಸುಣ್ಣವಾಗಿ ಗೋಡೆಗೆ ಅಂಟುತ್ತದೆ. ನೀರು ಕಾಯಿಸುವ ಕಾಯಿಲ್ ಮೇಲೆ ಕೂರುವ ಬಿಳಿ ಪದರವೇ ರೇಡಿಯೇಟರಿನ ಕೊಳವೆಯಲ್ಲೂ, ಬ್ಲಾಕಿನೊಳಗೂ ಕೂರುತ್ತದೆ. ಶಾಖ ದಾಟಿಸುವುದರಲ್ಲಿ ಆ ಪದರ ಅಲ್ಯೂಮಿನಿಯಂನ ನೂರರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ. ದಾರಿಯಲ್ಲಿ ಕಡಿಮೆಯಾಯಿತೆಂದು ಹ್ಯಾಂಡ್‌ಪಂಪಿನದೋ ಕಾಲುವೆಯದೋ ನೀರು ಸುರಿಯುತ್ತ ಹೋದ ಗಾಡಿಯ ಒಳಗೆ ಎರಡು ವರ್ಷಕ್ಕೆ ಇದೇ ಸ್ಥಿತಿ.

ಕಟ್ಟಿದೆಯೋ ಇಲ್ಲವೋ ತಿಳಿಯಲು ಎಂಜಿನ್ ಪೂರ್ತಿ ಕಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮೈಮೇಲೆ ಸಾಲಾಗಿ ಅಳೆಯಿರಿ. ಡಿಗ್ರಿ ಒಂದು ಬದಿಯಿಂದ ಇನ್ನೊಂದು ಬದಿಗೆ ನಯವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರೇ ಹರಿಯುತ್ತಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಮೀಟರ್ ತಪ್ಪು ಹೇಳುತ್ತದೆ, ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಬೇಕು.

ತೊಳೆಯಲು ರೇಡಿಯೇಟರ್ ಫ್ಲಶ್ ದ್ರವವನ್ನೇ ಅದರ ಡಬ್ಬಿಯ ಮೇಲಿನ ಅಳತೆಗೆ ಹಾಕಿ. ಆ್ಯಸಿಡ್, ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಹೆಡ್ಡನ್ನೇ ತಿನ್ನುತ್ತವೆ. ತುಂಬುವಾಗ ಒಂದು ಲೆಕ್ಕ ತಪ್ಪುತ್ತದೆ: ಎಷ್ಟೇ ಬಸಿದರೂ ಬ್ಲಾಕಿನಲ್ಲಿ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. 8 ಲೀಟರಿನ ಗಾಡಿಗೆ ಮೊದಲು 4 ಲೀಟರ್ ಗಟ್ಟಿ ಕೂಲಂಟ್ ಹಾಕಿ, ಆಮೇಲೆ ಹಿಡಿದಷ್ಟು ಡಿಸ್ಟಿಲ್ಡ್ ವಾಟರ್ ಹಾಕಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ. ರೆಡಿಮಿಕ್ಸ್ ಎಂದು ಬರೆದ ಕೂಲಂಟಿಗೆ ನೀರು ಬೆರೆಸುವಂತಿಲ್ಲ. ಹಸಿರು, ಕೆಂಪು ಬಣ್ಣದ ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಿದರೆ ಕೆಲವು ಲೋಳೆಯಾಗಿ ಕೊಳವೆ ಕಟ್ಟುತ್ತವೆ.

ಥರ್ಮೋಸ್ಟ್ಯಾಟ್ ತೆಗೆದು ಒಗೆಯಬೇಡಿ

ಎಂಜಿನ್ ಚಾಲೂ ಮಾಡಿ ಕಾಯುವ ಹೊತ್ತಿಗೆ ಮುಳ್ಳು ಸಾಮಾನ್ಯಕ್ಕಿಂತ ಮೇಲೆ ಹೋಗಿ, ತಟ್ಟನೆ ಇಳಿದು, ಮತ್ತೆ ಏರಿ, ಹೀಗೆ ಒಂದು ಲಯದಲ್ಲಿ ನಡೆದರೆ ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡು ಬಿಡುತ್ತಿದೆ. ಅದರ ಹೊಟ್ಟೆಯಲ್ಲಿ ಮೇಣವಿದೆ. ಮೇಣ ಕರಗಿ ಹಿಗ್ಗಿದಾಗ ವಾಲ್ ತೆರೆಯುತ್ತದೆ. ಹೊರತೆಗೆದು ದಾರಕ್ಕೆ ಕಟ್ಟಿ, ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಮೈಮೇಲೆ 82 ಎಂದು ಒತ್ತಿದ್ದರೆ ಆ ಡಿಗ್ರಿಯ ಆಚೀಚೆ ತೆರೆಯಲು ಶುರುವಾಗಿ ಇನ್ನು 10–15 ಡಿಗ್ರಿಯಲ್ಲಿ ಪೂರ್ತಿ, ಅಂದರೆ 8 ಮಿಲಿಮೀಟರಿನಷ್ಟು, ತೆರೆಯಬೇಕು. ಅರೆಬರೆ ತೆರೆದರೆ, ತಣ್ಣಗಾದಾಗ ಪೂರ್ತಿ ಮುಚ್ಚದಿದ್ದರೆ ಹೊಸದು ಹಾಕಿ. ಸ್ಪ್ರಿಂಗಿನ ಬದಿ ಎಂಜಿನ್ನಿನ ಕಡೆ, ಅಲುಗಾಡುವ ಪುಟ್ಟ ಪಿನ್ ಇರುವ ತೂತು ಮೇಲೆ. ಆ ತೂತಿನಿಂದಲೇ ಗಾಳಿ ಹೊರಹೋಗುವುದು.

ಇದನ್ನು ತೆಗೆದೇ ಓಡಿಸಿದರೆ ಎಂಜಿನ್ ಸದಾ ತಣ್ಣಗೆ ಓಡುತ್ತದೆ: ಡೀಸೆಲ್ ಹೆಚ್ಚು ಕುಡಿಯುತ್ತದೆ, ಎಣ್ಣೆ ಬೇಗ ಕೆಡುತ್ತದೆ, ಲೈನರ್ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಅರ್ಧ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ, ಲೋಡಿನಲ್ಲಿ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಕ್ಯಾಪ್, ಗಾಳಿ, ಗ್ಯಾಸ್ಕೆಟ್

ಬೆಳಗ್ಗೆ ನೋಡಿದರೆ ಪಕ್ಕದ ಕೂಲಂಟ್ ಡಬ್ಬಿ ತುಂಬಿದೆ, ರೇಡಿಯೇಟರಿನ ಬಾಯಲ್ಲಿ ನೀರು ಕಾಣುವುದಿಲ್ಲ. ಇದು ಕ್ಯಾಪಿನ ತಪ್ಪು, ಇಲ್ಲವೇ ಎರಡರ ನಡುವಿನ ಸಣ್ಣ ಪೈಪ್ ಒಡೆದಿದೆ. ಕಾದಾಗ ಡಬ್ಬಿಗೆ ಹೋದ ಕೂಲಂಟನ್ನು ತಣ್ಣಗಾದಾಗ ವಾಪಸ್ ಎಳೆದುಕೊಳ್ಳುವ ಚಿಕ್ಕ ವಾಲ್ ಕ್ಯಾಪಿನ ನಡುವೆ ಇರುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ ಅದೇ ಒತ್ತಡದ ಅಂಕಿ ಬರೆದ ಹೊಸ ಕ್ಯಾಪ್ ಹಾಕಿ.

ಹೊಸ ಕೂಲಂಟ್ ತುಂಬಿದ ಮೇಲೆ ಮುಳ್ಳು ಕುಣಿಯತೊಡಗಿದರೆ ಗಾಳಿ ಉಳಿದಿದೆ. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ. ಕೂಲಂಟನ್ನು ನಿಧಾನವಾಗಿ ಹಾಕುತ್ತ ಮೇಲಿನ ಪೈಪನ್ನು ಅಮುಕಿ ಬಿಡಿ. ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಸ್ಕ್ರೂ ಬಿಗಿದು, ಎಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಓಡಿಸಿ. ಥರ್ಮೋಸ್ಟ್ಯಾಟ್ ತೆರೆದು ಮಟ್ಟ ಇಳಿದಾಗ ತುಂಬಿಸಿ ಕ್ಯಾಪ್ ಹಾಕಿ.

ಇಷ್ಟಾದರೂ ಗುಳ್ಳೆ ನಿಲ್ಲುತ್ತಿಲ್ಲ, ಸೋರಿಕೆ ಕಾಣದಿದ್ದರೂ ಕೂಲಂಟ್ ಕಡಿಮೆಯಾಗುತ್ತಿದೆ, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪ್ ಕಲ್ಲಿನಂತೆ ಬಿಗಿಯಾಗುತ್ತದೆ ಎಂದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ಡೇ ಸೀಳಿದೆ. ರೇಡಿಯೇಟರಿನ ಬಾಯಿಗೆ ಇಡುವ ನೀಲಿ ದ್ರವದ ಬ್ಲಾಕ್ ಟೆಸ್ಟರಿನಲ್ಲಿ ಬಣ್ಣ ಬದಲಾದರೆ ಅನುಮಾನ ಖಚಿತ. ಹೆಡ್ ಇಳಿಸಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಬೇಡಿ. ಹೆಡ್ ಸೊಟ್ಟಗಾಗಿದೆಯೇ ಎಂದು ನೇರಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ನೋಡಿಸಿ, ಸೀಳು ಇದೆಯೇ ಎಂದು ಲೇತ್ ಅಂಗಡಿಯಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ.

ದಾರಿ ನಡುವೆ ಮುಳ್ಳು ಕೆಂಪಿಗೆ ಹೋದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ನೆರಳಿಗೆ ನಿಲ್ಲಿಸಿ. ಹಬೆಯೂ ಸೋರಿಕೆಯೂ ಇಲ್ಲದಿದ್ದರೆ, ಬೆಲ್ಟ್ ಸರಿ ಇದ್ದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿ, ಇಳಿಯದಿದ್ದರೆ ಆಫ್. ಹಬೆ ಕಂಡರೆ ಆ ಕ್ಷಣವೇ ಆಫ್. ಕಾದ ಬ್ಲಾಕಿನ ಮೇಲೆ ಕೊಡದಿಂದ ತಣ್ಣೀರು ಸುರಿಯಬೇಡಿ, ಹೆಡ್ ಸೀಳುವುದು ಬಹಳ ಸಲ ಆಗಲೇ.

ರಿಪೇರಿ ಮುಗಿದ ಮೇಲೆ ಖಾಲಿ ಗಾಡಿಯಲ್ಲಿ ಊರೊಳಗೊಂದು ಸುತ್ತು ಹಾಕಿ ಸರಿಯಾಯಿತೆಂದುಕೊಳ್ಳಬೇಡಿ. ಯಾವ ಲೋಡಿನಲ್ಲಿ, ಯಾವ ಏರಿನಲ್ಲಿ, ದಿನದ ಯಾವ ಹೊತ್ತಿನಲ್ಲಿ ಮುಳ್ಳು ಕುಣಿಯುತ್ತಿತ್ತೋ ಅದೇ ಲೋಡು, ಅದೇ ದಾರಿ, ಅದೇ ಹೊತ್ತು. ಕೂಲಂಟ್ ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಒಂದು ವಾರ ದಿನಾ ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಮಟ್ಟ ನೋಡಿ. ಮೊದಲೆರಡು ದಿನ ಒಳಗಿನ ಗಾಳಿ ಹೊರಬಂದು ತುಸು ಇಳಿಯುವುದು ಸಹಜ. ಮೂರನೆಯ ದಿನದ ನಂತರವೂ ಇಳಿಯುತ್ತಿದ್ದರೆ ಕೂಲಂಟ್ ಎಲ್ಲೋ ಹೋಗುತ್ತಿದೆ: ಹೋಸ್ ಪೈಪಿನ ಕ್ಲಿಪ್ಪುಗಳು, ವಾಟರ್ ಪಂಪಿನ ತೂತು, ಹೀಟರಿನ ಕೆಳಗೆ ಕ್ಯಾಬಿನ್ ಮ್ಯಾಟಿನ ಅಡಿ, ಕೊನೆಗೆ ಎಂಜಿನ್ ಎಣ್ಣೆಯ ಕಡ್ಡಿ, ಈ ಕ್ರಮದಲ್ಲಿ ಹುಡುಕಿ.